ಹಿಟ್ಟು, ಸಕ್ಕರೆ ಮತ್ತು ಹಿತ್ತಲ ತರಕಾರಿ: ಅಮೆರಿಕದ ಸಿಹಿ ಬ್ರೆಡ್ಡೊಂದರ ಚರಿತ್ರೆ

ತುರಿದ ಜುಕಿನಿಯನ್ನೋ ಕ್ಯಾರೆಟ್ಟನ್ನೋ ಬೇಯಿಸಿ ಮಸೆದ ಸಿಹಿಗುಂಬಳವನ್ನೋ ಗೋಧಿ ಹಿಟ್ಟು, ಸಕ್ಕರೆ, ಮೊಟ್ಟೆ, ಎಣ್ಣೆಗಳೊಡನೆ ಕಲಸಿ, ಉದ್ದನೆಯ ತಗಡಿನ ಅಚ್ಚಿಗೆ ಸುರಿದು, ಓವನ್ನಿನಲ್ಲಿ ಸುಮಾರು ಒಂದು ಗಂಟೆ ಬೇಯಿಸುವ ಸಿಹಿ ಬ್ರೆಡ್ಡು ಅಮೆರಿಕದ ಮನೆಯಡುಗೆಯಲ್ಲಿ ‘ಕ್ವಿಕ್ ಬ್ರೆಡ್’ ಎಂಬ ವರ್ಗಕ್ಕೆ ಸೇರುತ್ತದೆ. ಯೀಸ್ಟ್ ಬೆರೆಸಿ, ಚೆನ್ನಾಗಿ ನಾದಿ, ಹುದುಗು ಬರುವವರೆಗೆ ಗಂಟೆಗಟ್ಟಲೆ ಕಾಯಬೇಕಾದ ಬ್ರೆಡ್ಡಿನಿಂದ ಪ್ರತ್ಯೇಕಿಸಲು, ಅಡುಗೆ ಸೋಡಾ ಅಥವಾ ಬೇಕಿಂಗ್ ಪೌಡರಿನ ಬಲದಿಂದ ಕಲಸಿದ ಕೂಡಲೇ ಉಬ್ಬುವ ಬ್ರೆಡ್ಡುಗಳಿಗೆಲ್ಲ ಈ ಹೆಸರು ಸಲ್ಲುತ್ತದೆ. ಹೆಸರಿನಲ್ಲಿ ಬ್ರೆಡ್ ಎಂದಿದ್ದರೂ ಸಿಹಿಯಲ್ಲಿಯೂ ಮೃದುತ್ವದಲ್ಲಿಯೂ ಇವುಗಳಲ್ಲಿ ಹಲವು ಕೇಕಿಗೇ ಹತ್ತಿರವಾಗಿವೆ. ಸಿಹಿತಿಂಡಿಗೆ ತರಕಾರಿ ಸೇರಿಸುವುದು ಈಚಿನ ಆರೋಗ್ಯಪ್ರಜ್ಞೆಯ ಫಲವೆಂದು ಭಾವಿಸುವವರು ಉಂಟಾದರೂ, ಈ ಪದ್ಧತಿಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ತರಕಾರಿಯ ಪಾತ್ರ ಎರಡು ಬಾರಿ ಬದಲಾಗಿರುವುದು ಕಾಣುತ್ತದೆ. ಮೊದಲು ಅದು ಗೋಧಿ ಹಿಟ್ಟಿನ ಕೊರತೆಯನ್ನು ತುಂಬಲು ಬಂದಿತು, ಆಮೇಲೆ ಸಕ್ಕರೆಯ ಕೊರತೆಯನ್ನು ತುಂಬಲು ಬಂದಿತು, ಹಿಟ್ಟೂ ಸಕ್ಕರೆಯೂ ಧಾರಾಳವಾಗಿ ಸಿಗತೊಡಗಿದ ಮೇಲೆ ಹೆಚ್ಚಾಗಿ ಬೆಳೆದ ತರಕಾರಿಯನ್ನೇ ಖರ್ಚುಮಾಡುವ ದಾರಿಯಾಗಿ ಉಳಿದುಕೊಂಡಿತು.

ಮೊದಲನೆಯ ಘಟ್ಟದ ನಾಯಕ ಸಿಹಿಗುಂಬಳ. ಕುಂಬಳದ ಜಾತಿಯ ಬಳ್ಳಿಗಳನ್ನು ಮೆಕ್ಸಿಕೋದ ಜನ ಸುಮಾರು 10,000 ವರ್ಷಗಳ ಹಿಂದೆಯೇ ಬೆಳೆಸುತ್ತಿದ್ದರೆಂಬುದಕ್ಕೆ ಒಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗುಹೆಯಲ್ಲಿ ದೊರೆತ ಬೀಜಗಳು ಸಾಕ್ಷಿಯಾಗಿವೆ. ಉತ್ತರ ಅಮೆರಿಕದ ಹೌಡೆನೊಶೋನಿ ಮೊದಲಾದ ಮೂಲನಿವಾಸಿ ಸಮುದಾಯಗಳು ಮೆಕ್ಕೆಜೋಳ, ಹುರುಳಿಕಾಯಿಯ ಜಾತಿಯ ಕಾಳು, ಕುಂಬಳ ಈ ಮೂರನ್ನೂ ಒಂದೇ ಹೊಲದಲ್ಲಿ ಒಟ್ಟಿಗೆ ಬೆಳೆಯುತ್ತಿದ್ದವು. ಜೋಳದ ದಂಟು ಕಾಳಿನ ಬಳ್ಳಿಗೆ ಆಸರೆಯಾಗಿ, ಕಾಳಿನ ಬೇರು ಮಣ್ಣಿಗೆ ಸಾರಜನಕವನ್ನು ಒದಗಿಸಿ, ಕುಂಬಳದ ಅಗಲವಾದ ಎಲೆ ನೆಲದ ತೇವವನ್ನು ಕಾಯುವ ಈ ಕ್ರಮಕ್ಕೆ ‘ಮೂವರು ಅಕ್ಕತಂಗಿಯರು’ ಎಂಬ ಹೆಸರಿದೆ. ಹದಿನೇಳನೆಯ ಶತಮಾನದಲ್ಲಿ ನ್ಯೂ ಇಂಗ್ಲೆಂಡಿಗೆ ಬಂದು ನೆಲೆಸಿದ ಇಂಗ್ಲಿಷರು ತಮ್ಮೊಡನೆ ತಂದ ಗೋಧಿಯನ್ನು ಬಿತ್ತಿದರಾದರೂ, 1660ರ ದಶಕದಿಂದ ಕಾಂಡದ ತುಕ್ಕು ರೋಗ ಬೆಳೆಯನ್ನು ಹಾಳುಗೆಡವತೊಡಗಿತು. ಈ ರೋಗಕ್ಕೆ ಬಾರ್ಬೆರಿ ಎಂಬ ಮುಳ್ಳುಪೊದೆ ಕಾರಣವೆಂದು ರೈತರು ಶಂಕಿಸಿದ್ದರಿಂದ 1726ರಲ್ಲಿ ಕನೆಕ್ಟಿಕಟ್ ವಸಾಹತು ಆ ಪೊದೆಯ ವಿರುದ್ಧ ಕಾನೂನನ್ನೇ ಮಾಡಿತು. ಗೋಧಿ ಹೀಗೆ ಕೈಕೊಟ್ಟಾಗ ಅಲ್ಲಿನ ಮನೆಗಳು ರೈ ಧಾನ್ಯದ ಹಿಟ್ಟಿಗೆ ಮೆಕ್ಕೆಜೋಳದ ಹಿಟ್ಟನ್ನು ಬೆರೆಸಿದ ಒರಟು ಬ್ರೆಡ್ಡಿಗೆ ಒಗ್ಗಿಕೊಂಡವು. ಆ ಹಿಟ್ಟೂ ಸಾಲದೆ ಹೋದಾಗ ಬೇಯಿಸಿದ ಕುಂಬಳವನ್ನು ಅದರಲ್ಲಿ ಕಲಸಿ ಹೊಟ್ಟೆ ತುಂಬಿಸಿಕೊಳ್ಳುವುದು ರೂಢಿಯಾಯಿತು. ಕುಂಬಳದಿಂದ ಬ್ರೆಡ್ಡಿಗೆ ಸ್ವಲ್ಪ ಸಿಹಿಯೂ ಬಹಳ ತೇವವೂ ಬರುತ್ತಿದ್ದುದು ನಿಜವಾದರೂ, ಅದನ್ನು ಸೇರಿಸುತ್ತಿದ್ದುದು ರುಚಿಗಾಗಿ ಎನ್ನುವುದಕ್ಕಿಂತ ಹಿಟ್ಟನ್ನು ಉಳಿಸುವುದಕ್ಕಾಗಿ.

ಇಂಥ ಬ್ರೆಡ್ಡನ್ನು ಬೇಯಿಸಲು ದೊಡ್ಡ ಮನೆಗಳಲ್ಲಿ ಇಟ್ಟಿಗೆಯ ಒಲೆಗೂಡು ಇದ್ದರೆ, ಅದಿಲ್ಲದವರು ಮೂರು ಕಾಲಿನ, ಅಂಚೆದ್ದ ಮುಚ್ಚಳದ ಎರಕದ ಕಬ್ಬಿಣದ ಪಾತ್ರೆಯನ್ನು ಒಲೆಯ ಮುಂದೆ ಇಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಓವನ್ ಇಲ್ಲದೆಯೇ ಮೇಲುಕೆಳಗಿನ ಶಾಖವನ್ನು ಪಡೆಯುವ ಈ ಉಪಾಯ ಒಂದು ನಾಡಿನ ಸ್ವತ್ತಲ್ಲ. ಕರ್ನಾಟಕದ ಕರಾವಳಿಯಲ್ಲಿ ನೆನೆಸಿದ ಅಕ್ಕಿ, ಸೌತೆಕಾಯಿ, ಬೆಲ್ಲ, ತೆಂಗಿನಕಾಯಿಗಳನ್ನು ಸೇರಿಸಿ ಬಾಳೆಲೆ ಹಾಸಿದ ಪಾತ್ರೆಯಲ್ಲಿ ತುಂಬಿ, ಅಡಿಯಲ್ಲಿಯೂ ಮುಚ್ಚಳದ ಮೇಲೆಯೂ ಕೆಂಡವಿಟ್ಟು ಬೇಯಿಸುವ ತುಳುನಾಡಿನ ಗೆಂಡದಡ್ಯೆ ಇದೇ ಕ್ರಮದ್ದು; ಕೊಂಕಣಿ ಮನೆಗಳಲ್ಲಿ ತುರಿದ ಸೌತೆಕಾಯಿ, ಅಕ್ಕಿರವೆ, ಬೆಲ್ಲಗಳಿಂದ ಮಾಡುವ ತವಸಳಿಯಲ್ಲಿಯೂ ಹಿಟ್ಟಿಗೆ ಬೇಕಾದ ನೀರನ್ನು ತರಕಾರಿಯೇ ಒದಗಿಸುತ್ತದೆ. ಅಮೆರಿಕದ ಬ್ರೆಡ್ಡಿಗೂ ಇವುಗಳಿಗೂ ಕೊಡುಕೊಳೆ ನಡೆದಿತ್ತೆಂದು ಹೇಳಲು ಆಧಾರವೇನೂ ಇಲ್ಲ; ತೇವವುಳ್ಳ ತರಕಾರಿ, ಧಾನ್ಯ, ಸಿಹಿ ಈ ಮೂರು ಕೈಗೆ ಸಿಕ್ಕಿದಲ್ಲೆಲ್ಲ ಗೃಹಿಣಿಯರು ಇಂಥ ಪಾಕಕ್ಕೆ ತಾವಾಗಿಯೇ ಬಂದು ಮುಟ್ಟಿದ್ದಾರೆ. ಅಮೆರಿಕದ ಪಾಕ ಬೇರೆ ದಾರಿ ಹಿಡಿದದ್ದು ಹಿಟ್ಟನ್ನು ಉಬ್ಬಿಸುವ ವಿಧಾನದಲ್ಲಿ.

ಆ ದಾರಿ ಬೂದಿಯಿಂದ ಆರಂಭವಾಯಿತು. ಸಾಗುವಳಿಗಾಗಿ ಕಾಡು ಕಡಿದವರಿಗೆ ಗಟ್ಟಿಮರದ ಬೂದಿ ರಾಶಿರಾಶಿಯಾಗಿ ಸಿಗುತ್ತಿತ್ತು. ಅದಕ್ಕೆ ನೀರು ಹೊಯ್ದು ಬಸಿದ ಕ್ಷಾರಜಲವನ್ನು ಕಬ್ಬಿಣದ ಕಡಾಯಿಯಲ್ಲಿ ಬತ್ತಿಸಿದರೆ ಪೊಟ್ಯಾಶ್ ಎಂಬ ಕಪ್ಪನೆಯ ಉಪ್ಪು ಉಳಿಯುತ್ತಿತ್ತು, ಅದನ್ನು ಗೂಡಿನಲ್ಲಿ ಮತ್ತೆ ಸುಟ್ಟು ಮಸಿಯನ್ನು ಕಳೆದರೆ ಬಿಳಿಯ ಪರ್ಲ್ ಆ್ಯಶ್, ಅಂದರೆ ಸಾಕಷ್ಟು ಶುದ್ಧವಾದ ಪೊಟ್ಯಾಸಿಯಂ ಕಾರ್ಬೊನೇಟ್, ದೊರೆಯುತ್ತಿತ್ತು. ಸಾಬೂನು, ಗಾಜು, ಬಟ್ಟೆಗಳ ಉದ್ಯಮಕ್ಕೆ ಇದು ಎಷ್ಟು ಮುಖ್ಯವಾಗಿತ್ತೆಂದರೆ, ಅಮೆರಿಕ ಸರ್ಕಾರ 1790ರ ಜುಲೈ 31ರಂದು ನೀಡಿದ ಮೊತ್ತಮೊದಲ ಪೇಟೆಂಟು ಪೊಟ್ಯಾಶ್ ಮತ್ತು ಪರ್ಲ್ ಆ್ಯಶ್ ತಯಾರಿಕೆಯ ಸುಧಾರಿತ ವಿಧಾನಕ್ಕಾಗಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬವರಿಗೆ ಸಂದಿತು, ಅದಕ್ಕೆ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಸಹಿಯಿತ್ತು. ಇದೇ ಕ್ಷಾರವನ್ನು ಹುಳಿಹಾಲಿನಂಥ ಆಮ್ಲೀಯ ಪದಾರ್ಥದೊಡನೆ ಹಿಟ್ಟಿಗೆ ಬೆರೆಸಿದರೆ ಇಂಗಾಲದ ಡೈಆಕ್ಸೈಡ್ ಅನಿಲ ಹೊಮ್ಮಿ ಹಿಟ್ಟು ಉಬ್ಬುತ್ತದೆಂಬುದನ್ನು ಅಡುಗೆಮನೆಗಳು ಕಂಡುಕೊಂಡವು. 1796ರಲ್ಲಿ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿನಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್‌ರ ‘ಅಮೆರಿಕನ್ ಕುಕರಿ’, ಅಮೆರಿಕದವರೊಬ್ಬರು ಬರೆದು ಅಮೆರಿಕದಲ್ಲಿಯೇ ಪ್ರಕಟಿಸಿದ ಮೊದಲ ಪಾಕಪುಸ್ತಕವೆಂದು ಹೆಸರಾಗಿದೆ. ಪರ್ಲ್ ಆ್ಯಶನ್ನು ಬಳಸುವ ಪಾಕಗಳು ಮುದ್ರಣದಲ್ಲಿ ಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ. ಅದೇ ಪುಸ್ತಕದಲ್ಲಿ ಕುಂಬಳ, ಕ್ಯಾರೆಟ್, ಆಲೂಗಡ್ಡೆಗಳ ಸಿಹಿ ಪುಡಿಂಗುಗಳೂ ಇವೆ. ಸಿಹಿ ಮಾಡಿದ ತರಕಾರಿ, ಬೂದಿಯ ಕ್ಷಾರದಿಂದ ಉಬ್ಬಿಸಿದ ಹಿಟ್ಟು ಇವೆರಡೂ ಒಂದೇ ರಟ್ಟಿನೊಳಗೆ ಇದ್ದರೂ ಒಂದೇ ಪಾಕದಲ್ಲಿ ಕೂಡಿಕೊಳ್ಳಲು ಇನ್ನೂ ಬಹುಕಾಲ ಹಿಡಿಯಿತು.

ಪರ್ಲ್ ಆ್ಯಶಿಗೆ ಒಂದು ದೊಡ್ಡ ದೋಷವಿತ್ತು. ಕ್ಷಾರ ಜಿಡ್ಡಿನೊಡನೆ ಸೇರಿದರೆ ಸಾಬೂನು ಆಗುವುದು ರಸಾಯನಶಾಸ್ತ್ರದ ನಿಯಮವಾದ್ದರಿಂದ, ಬೆಣ್ಣೆ ಹಾಕಿದ ತಿಂಡಿಗಳಲ್ಲಿ ಸಾಬೂನಿನ ಕಹಿ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅದರ ಜಾಗಕ್ಕೆ ಸ್ಯಾಲೆರೇಟಸ್ ಎಂಬ ಹೆಸರಿನ ಬೈಕಾರ್ಬೊನೇಟು ಬಂದಿತು. ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರಲ್ಲಿ ಪೇಟೆಂಟು ಪಡೆದ ವಿಧಾನದಿಂದ ಅಡುಗೆ ಉಪ್ಪಿನಿಂದಲೇ ಸೋಡಾ ತಯಾರಿಸುವುದು ಸಾಧ್ಯವಾದ ಮೇಲೆ ಕ್ಷಾರಕ್ಕಾಗಿ ಕಾಡನ್ನು ಸುಡಬೇಕಾದ ಅಗತ್ಯವೂ ತಗ್ಗಿತು. 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ನ್ಯೂಯಾರ್ಕಿನಲ್ಲಿ ಅಡುಗೆ ಸೋಡಾವನ್ನು, ಅಂದರೆ ಸೋಡಿಯಂ ಬೈಕಾರ್ಬೊನೇಟನ್ನು, ಪೊಟ್ಟಣ ಕಟ್ಟಿ ಮಾರತೊಡಗಿದರು. ಸೋಡಾಕ್ಕೆ ಜೊತೆಯಾಗಿ ಮಜ್ಜಿಗೆ, ಹುಳಿಹಾಲು, ಇಲ್ಲವೇ ಕಾಕಂಬಿ ಬೇಕಾಗುತ್ತಿತ್ತು. ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಈ ಕಪ್ಪು ಪಾಕ ಸಿಹಿಯಾಗಿದ್ದರೂ ಗುಣದಲ್ಲಿ ತುಸು ಆಮ್ಲೀಯವಾದುದು. ರೈ, ಮೆಕ್ಕೆಜೋಳ, ಗೋಧಿ ಹಿಟ್ಟುಗಳಿಗೆ ಕಾಕಂಬಿ, ಹುಳಿಹಾಲು, ಸೋಡಾ ಬೆರೆಸಿ ಡಬ್ಬದಲ್ಲಿ ತುಂಬಿ ಹಬೆಯಲ್ಲಿ ಬೇಯಿಸುವ ‘ಬಾಸ್ಟನ್ ಬ್ರೌನ್ ಬ್ರೆಡ್’ ಈ ಕಾಲದ ಕ್ವಿಕ್ ಬ್ರೆಡ್ಡಿಗೆ ಒಳ್ಳೆಯ ಮಾದರಿ.

ಹುಳಿಹಾಲಿನ ಹುಳಿ ದಿನಕ್ಕೊಂದು ಬಗೆ ಇರುವುದರಿಂದ ಫಲಿತಾಂಶವೂ ದಿನಕ್ಕೊಂದು ಬಗೆಯಾಗುತ್ತಿತ್ತು. ಈ ಅನಿಶ್ಚಯವನ್ನು ನೀಗಿದ್ದು ಕ್ಷಾರವನ್ನೂ ಆಮ್ಲವನ್ನೂ ಪುಡಿಯ ರೂಪದಲ್ಲಿ ಒಟ್ಟುಗೂಡಿಸಿ, ಅವು ಡಬ್ಬದಲ್ಲಿಯೇ ಪ್ರತಿಕ್ರಿಯಿಸದಂತೆ ಒಣ ಪಿಷ್ಟವನ್ನು ಬೆರೆಸಿದ ಬೇಕಿಂಗ್ ಪೌಡರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ 1843ರಲ್ಲಿ ಇಂಥ ಪುಡಿಯೊಂದನ್ನು ತಯಾರಿಸಿದ. ಆ ಕಾಲದ ಪುಡಿಗಳಿಗೆ ಬೇಕಾದ ‘ಕ್ರೀಮ್ ಆಫ್ ಟಾರ್ಟರ್’ ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಗಷ್ಟಿನಿಂದ ಸಿಗುವ ಆಮ್ಲೀಯ ಲವಣವಾದ್ದರಿಂದ ಅಮೆರಿಕಕ್ಕೆ ಅದು ಯುರೋಪಿನಿಂದ ಬರಬೇಕಿತ್ತು, ದುಬಾರಿಯೂ ಆಗಿತ್ತು. ಹಾರ್ವರ್ಡಿನ ಪ್ರಾಧ್ಯಾಪಕ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಅದಕ್ಕೆ ಬದಲಾಗಿ ಮೂಳೆಗಳಿಂದ ಪಡೆದ ಕ್ಯಾಲ್ಸಿಯಂ ಫಾಸ್ಫೇಟಿಗೆ ಪೇಟೆಂಟು ಪಡೆದ; ಮುಂದೆ ಫಟಕಿ ಜಾತಿಯ ಅಗ್ಗದ ಲವಣಗಳೂ ಬಂದವು. ಮಾರುಕಟ್ಟೆಯ ಪೈಪೋಟಿ ಎಷ್ಟು ಬಿರುಸಾಯಿತೆಂದರೆ, 1899ರಲ್ಲಿ ಮಿಸೌರಿ ರಾಜ್ಯ ಫಟಕಿಯ ಪುಡಿಗಳನ್ನು ನಿಷೇಧಿಸಿತು, ಆ ಕಾನೂನಿನ ಹಿಂದೆ ಲಂಚವಿತ್ತೆಂಬುದು ಬಯಲಾಗಿ 1905ರಲ್ಲಿ ನಿಷೇಧ ರದ್ದಾಯಿತು.

ಈ ವ್ಯಾಪಾರದ ಕಲಹಗಳಿಗಿಂತ ಮನೆಯೊಳಗಿನ ಬದಲಾವಣೆ ದೊಡ್ಡದು. ಹಿಟ್ಟು ಹುದುಗುವುದನ್ನು ಕಾಯುತ್ತ ಇಡೀ ದಿನವನ್ನು ಬ್ರೆಡ್ಡಿಗಾಗಿ ಮುಡಿಪಿಡಬೇಕಿದ್ದ ಹೆಂಗಸು, ಬೇರೆ ಕೆಲಸಗಳ ನಡುವೆಯೇ ಒಂದೂವರೆ ಗಂಟೆಯಲ್ಲಿ ಬ್ರೆಡ್ಡನ್ನು ಮೇಜಿಗೆ ತರುವಂತಾಯಿತು. ಎರಕದ ಕಬ್ಬಿಣದ ಓವನ್ ಒಲೆಗಳು ಮಧ್ಯಮವರ್ಗದ ಮನೆಗಳಿಗೆ ಬಂದವು. 1896ರಲ್ಲಿ ಪ್ರಕಟವಾದ ಫ್ಯಾನಿ ಫಾರ್ಮರ್‌ಳ ಬಾಸ್ಟನ್ ಅಡುಗೆ ಶಾಲೆಯ ಪಾಕಪುಸ್ತಕವು ‘ಹಿಡಿಯಷ್ಟು’, ‘ಕಣ್ಣಂದಾಜಿಗೆ’ ಎಂಬ ಅಳತೆಗಳ ಜಾಗದಲ್ಲಿ ಮಟ್ಟಮಾಡಿದ ಕಪ್ಪು ಮತ್ತು ಚಮಚಗಳನ್ನು ನೆಲೆಗೊಳಿಸಿತು. ಸೋಡಾ ಕಾಲು ಚಮಚ ಹೆಚ್ಚಾದರೂ ಬಾಯಿಗೆ ತಿಳಿಯುವ ಈ ಬಗೆಯ ಪಾಕಕ್ಕೆ ನಿಖರವಾದ ಅಳತೆ ಅತ್ಯಗತ್ಯವಾಗಿತ್ತು. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಗಾಯಾಳು ಸೈನಿಕರ ನೆರವಿಗಾಗಿ ಫಿಲಡೆಲ್ಫಿಯಾದಲ್ಲಿ ಮಾರಿದ ಪಾಕಪುಸ್ತಕದಿಂದ ಮೊದಲಾಗಿ, ಚರ್ಚು ಮತ್ತು ಮಹಿಳಾ ಸಂಘಗಳು ನಿಧಿ ಕೂಡಿಸಲು ಸದಸ್ಯೆಯರ ಪಾಕಗಳನ್ನು ಸಂಗ್ರಹಿಸಿ ಅಚ್ಚುಹಾಕಿಸುವ ಪರಿಪಾಠವೂ ಬೆಳೆಯಿತು. ತರಕಾರಿಯ ಸಿಹಿ ಬ್ರೆಡ್ಡು ಮುಂದೆ ಊರಿಂದೂರಿಗೆ ಹಬ್ಬಿದ್ದು ಹೆಚ್ಚಾಗಿ ಇಂಥ ಪುಸ್ತಕಗಳ ಮೂಲಕವೇ.

ಹಿಟ್ಟನ್ನು ಉಳಿಸುವ ಹಳೆಯ ಕೆಲಸ ತರಕಾರಿಗೆ ಮತ್ತೊಮ್ಮೆ ಬಂದದ್ದು ಮೊದಲನೆಯ ಮಹಾಯುದ್ಧದಲ್ಲಿ. 1917ರಲ್ಲಿ ಹರ್ಬರ್ಟ್ ಹೂವರ್ ನೇತೃತ್ವದಲ್ಲಿ ಸ್ಥಾಪನೆಯಾದ ಆಹಾರ ಆಡಳಿತವು ಯುರೋಪಿನ ಮಿತ್ರರಾಷ್ಟ್ರಗಳಿಗೆ ಗೋಧಿ ಕಳುಹಿಸಲು ಗೋಧಿಯಿಲ್ಲದ ದಿನಗಳನ್ನು ಆಚರಿಸುವಂತೆ ಜನರಿಗೆ ಕರೆಕೊಟ್ಟಿತು. ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿ ಕಪ್ಪು ಜನಾಂಗದ ಕೃಷಿವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಗೆಣಸನ್ನು ಗೋಧಿ ಹಿಟ್ಟಿನೊಡನೆ ಬೆರೆಸಿ ಬ್ರೆಡ್ ಮಾಡುವುದನ್ನು ರೂಢಿಗೆ ತಂದಿದ್ದರು. 1918ರಲ್ಲಿ ವಾಷಿಂಗ್ಟನ್ನಿನ ಅಧಿಕಾರಿಗಳು ಅದನ್ನು ವಿವರಿಸಲು ಅವರನ್ನು ಕರೆಸಿಕೊಂಡರು. ದಕ್ಷಿಣದ ರಾಜ್ಯಗಳ ಬಡ ಕಪ್ಪು ರೈತರಿಗೆ ಹತ್ತಿಯ ಜೊತೆಗೆ ಆಹಾರದ ಬೆಳೆಯನ್ನೂ ಬೆಳೆಯಿರೆಂದು ಬೋಧಿಸುತ್ತಿದ್ದ ಕಾರ್ವರರಿಗೆ ಗೆಣಸು ಮೊದಲಿನಿಂದಲೂ ಸ್ವಾವಲಂಬನೆಯ ಸಾಧನವಾಗಿತ್ತು. ಯುದ್ಧ ಮುಗಿದು ಗೋಧಿ ಮತ್ತೆ ಅಗ್ಗವಾದೊಡನೆ ಸರ್ಕಾರದ ಆಸಕ್ತಿ ತಣ್ಣಗಾಯಿತು.

ಎರಡನೆಯ ಘಟ್ಟ ಸಕ್ಕರೆಯ ಕೊರತೆಯದು, ಅದರ ಮುಖ್ಯ ರಂಗಭೂಮಿ ಬ್ರಿಟನ್, ಮುಖ್ಯ ಪಾತ್ರಧಾರಿ ಕ್ಯಾರೆಟ್. ಸಕ್ಕರೆ ಶ್ರೀಮಂತರ ಪದಾರ್ಥವಾಗಿದ್ದ ಕಾಲದಿಂದಲೂ ಯುರೋಪಿನ ಅಡುಗೆಯವರು ಕ್ಯಾರೆಟ್ಟಿನ ಸಿಹಿಯನ್ನು ಬಲ್ಲವರಾಗಿದ್ದರು. ಜಾನ್ ಎವೆಲಿನ್ 1699ರಲ್ಲಿ ಪ್ರಕಟಿಸಿದ ‘ಅಸಿಟೇರಿಯ’ದಲ್ಲಿಯೂ ಹನ್ನಾ ಗ್ಲಾಸ್ 1747ರಲ್ಲಿ ಹೊರತಂದ ಪಾಕಪುಸ್ತಕದಲ್ಲಿಯೂ ಕ್ಯಾರೆಟ್ ಪುಡಿಂಗುಗಳಿವೆ. ಸ್ವಿಟ್ಜರ್ಲೆಂಡಿನ ಆರ್ಗಾವ್ ಪ್ರಾಂತದಲ್ಲಿ ಬಾದಾಮಿಯಂಥ ಬೀಜಗಳ ಪುಡಿ ಸೇರಿಸಿದ ಕ್ಯಾರೆಟ್ ಕೇಕಿನ ಪರಂಪರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ದಾಖಲಾಗಿದೆ. ಬ್ರಿಟನ್ನಿನಲ್ಲಿ 1940ರ ಜನವರಿ 8ರಂದು ಸಕ್ಕರೆಗೆ ಪಡಿತರ ಜಾರಿಯಾಗಿ, ಎರಡನೆಯ ಮಹಾಯುದ್ಧದ ಬಹುಭಾಗ ತಲೆಗೆ ವಾರಕ್ಕೆ 8 ಔನ್ಸ್, ಅಂದರೆ ಸುಮಾರು 225 ಗ್ರಾಂ, ಮಾತ್ರ ಸಿಗುವಂತಾಯಿತು. ಅದೇ ವೇಳೆಗೆ ಕ್ಯಾರೆಟ್ ಬೇಡಿಕೆ ಮೀರಿ ಬೆಳೆದಿತ್ತು. ಆಹಾರ ಸಚಿವಾಲಯ ‘ಡಾಕ್ಟರ್ ಕ್ಯಾರೆಟ್’ ಎಂಬ ವ್ಯಂಗ್ಯಚಿತ್ರದ ಪಾತ್ರವನ್ನು ಸೃಷ್ಟಿಸಿ, ಕರಪತ್ರಗಳಿಂದಲೂ ರೇಡಿಯೋದಿಂದಲೂ ಕ್ಯಾರೆಟ್ಟಿನ ಕೇಕು, ಪುಡಿಂಗುಗಳನ್ನು ಪ್ರಚಾರ ಮಾಡಿತು. ನೂರು ಗ್ರಾಂ ಕ್ಯಾರೆಟ್ಟಿನಲ್ಲಿ ಇರುವ ಸಕ್ಕರೆ ಸುಮಾರು 5 ಗ್ರಾಂ ಮಾತ್ರ. ಆದ್ದರಿಂದ ಆ ಕೇಕುಗಳು ಪೂರ್ಣವಾಗಿ ಸಿಹಿಯಾಗುತ್ತಿರಲಿಲ್ಲ, ಆದರೆ ಕಡಿಮೆ ಬೆಣ್ಣೆ, ಕಡಿಮೆ ಮೊಟ್ಟೆಯಲ್ಲಿ ಮಾಡಿದ ಒಣಕಲು ಕೇಕಿಗೆ ಕ್ಯಾರೆಟ್ ತೇವವನ್ನೂ ಬಣ್ಣವನ್ನೂ ಕೊಟ್ಟು ಅದನ್ನು ತಿನ್ನುವಂತೆ ಮಾಡುತ್ತಿತ್ತು. ಸಕ್ಕರೆಯ ಪಡಿತರ 1953ರ ಸೆಪ್ಟೆಂಬರಿನವರೆಗೂ ಮುಂದುವರಿದದ್ದರಿಂದ ಒಂದು ಇಡೀ ಪೀಳಿಗೆ ಕ್ಯಾರೆಟ್ಟನ್ನು ಅಭಾವದ ರುಚಿಯಾಗಿಯೇ ಕಂಡಿತು.

ಅಮೆರಿಕದಲ್ಲಿ ಇದೇ ಕ್ಯಾರೆಟ್ 1960ರ ದಶಕದಲ್ಲಿ ಸಮೃದ್ಧಿಯ ವೇಷ ತೊಟ್ಟಿತು. ಎಣ್ಣೆ, ಸಕ್ಕರೆ, ವಾಲ್‌ನಟ್‌ಗಳ ಜೊತೆಗೆ ಕ್ರೀಮ್ ಚೀಸಿನ ದಪ್ಪ ಲೇಪವೂ ಸೇರಿ ಯುದ್ಧಕಾಲದ ಬಡ ಕೇಕು ಹೋಟೆಲಿನ ಸಿಹಿಯಾಯಿತು. ಅಷ್ಟರಲ್ಲಿ ಉದ್ದನೆಯ ಅಚ್ಚಿನ ಸಿಹಿ ಬ್ರೆಡ್ಡಿಗೆ ಮಾದರಿಯೊಂದು ಸಿದ್ಧವಾಗಿತ್ತು. ಆರ್ಥಿಕ ಕುಸಿತದ 1930ರ ದಶಕದಲ್ಲಿ, ಕಳಿತ ಬಾಳೆಹಣ್ಣನ್ನು ಎಸೆಯದೆ ಸೋಡಾ ಮತ್ತು ಬೇಕಿಂಗ್ ಪೌಡರಿನೊಡನೆ ಕಲಸಿ ಮಾಡುವ ಬಾಳೆಹಣ್ಣಿನ ಬ್ರೆಡ್ಡು ಹಿಟ್ಟು ಮತ್ತು ಹಣ್ಣಿನ ಕಂಪನಿಗಳ ಪ್ರಚಾರದಿಂದ ಮನೆಮಾತಾಯಿತು. ಡಬ್ಬದಲ್ಲಿ ಬರುವ ಮಸೆದ ಕುಂಬಳ ಕೈಗೆ ಸಿಕ್ಕಾಗ ಇದೇ ಪಾಕದಲ್ಲಿ ಬಾಳೆಯ ಜಾಗಕ್ಕೆ ಕುಂಬಳ ಬರುವುದು ಸುಲಭವಾಯಿತು. ಅಮೆರಿಕದ ಡಬ್ಬದ ಕುಂಬಳದ ಬಹುಪಾಲು ಇಲಿನಾಯ್ ರಾಜ್ಯದ ಮಾರ್ಟನ್ ಊರಿನ ಸುತ್ತಮುತ್ತ ತಯಾರಾಗುತ್ತದೆ. ವಸಾಹತುಗಾರರ ಹಸಿವಿನ ಕಾಯಿ ಹೀಗೆ ದಾಲ್ಚಿನ್ನಿ, ಜಾಯಿಕಾಯಿ, ಲವಂಗಗಳ ಪರಿಮಳದ ಶರತ್ಕಾಲದ ತಿಂಡಿಯಾಗಿ ಮರಳಿತು.

ಮೂರನೆಯ ಘಟ್ಟವನ್ನು ಪೂರ್ಣವಾಗಿ ಪ್ರತಿನಿಧಿಸುವುದು ಜುಕಿನಿ. ಇದರ ಪೂರ್ವಜರು ಅಮೆರಿಕ ಖಂಡದವರೇ ಆದರೂ, ಎಳೆಯದಾಗಿಯೇ ಕೊಯ್ಯುವ ಉದ್ದನೆಯ ಹಸಿರು ತಳಿ ರೂಪುಗೊಂಡದ್ದು ಇಟಲಿಯಲ್ಲಿ, ಮಿಲಾನಿನ ಸುತ್ತಿನ ಪ್ರದೇಶದಲ್ಲಿ. ಇಟಲಿಯಿಂದ ವಲಸೆ ಬಂದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಕ್ಯಾಲಿಫೋರ್ನಿಯಾಕ್ಕೆ ತಂದರೆಂದು ತಿಳಿಯಲಾಗಿದೆ. ಬೇಸಿಗೆಯಲ್ಲಿ ಒಂದೆರಡು ಗಿಡವಿದ್ದರೂ ಮನೆಗೆ ಮಿಕ್ಕುವಷ್ಟು ಕಾಯಿ ಬಿಡುವುದು, ಎರಡು ದಿನ ಕಣ್ಣುತಪ್ಪಿದರೆ ಎಲೆಯ ಮರೆಯಲ್ಲಿ ತೋಳುಗಾತ್ರಕ್ಕೆ ಬೆಳೆದುಬಿಡುವುದು ಇದರ ಸ್ವಭಾವ. 1970ರ ದಶಕದಲ್ಲಿ ಆಹಾರದ ಬೆಲೆಯೇರಿಕೆ, ಪರಿಸರ ಚಳವಳಿ, ಸಹಜ ಆಹಾರದ ಒಲವು ಇವೆಲ್ಲ ಸೇರಿ ಮನೆಯಂಗಳದ ಕೈತೋಟಗಳು ಹೆಚ್ಚಿದಾಗ, ನೆರೆಹೊರೆಯವರಿಗೆ ಹಂಚಿಯೂ ಮುಗಿಯದ ಜುಕಿನಿಗೆ ಬ್ರೆಡ್ಡು ದಾರಿಯಾಯಿತು. ಆಗಸ್ಟ್ 8ರ ರಾತ್ರಿ ನೆರೆಯವರ ಜಗಲಿಯಲ್ಲಿ ಗುಟ್ಟಾಗಿ ಜುಕಿನಿ ಇಟ್ಟು ಬರುವ ಹಾಸ್ಯದ ‘ಹಬ್ಬ’ವೊಂದು ಮುಂದೆ ಹುಟ್ಟಿಕೊಂಡದ್ದು ಈ ಅತಿಬೆಳೆಯ ಸಮಸ್ಯೆಯಿಂದಲೇ.

ಆ ದಶಕದಿಂದ ಅತ್ಯಂತ ವ್ಯಾಪಕವಾಗಿ ಹಬ್ಬಿದ ಪಾಕವನ್ನು ಹತ್ತಿರದಿಂದ ನೋಡಿದರೆ ಬದಲಾದ ಲೆಕ್ಕಾಚಾರ ಸ್ಪಷ್ಟವಾಗುತ್ತದೆ. ಎರಡು ಬ್ರೆಡ್ಡುಗಳಿಗೆ 3 ಕಪ್ಪು ಹಿಟ್ಟು, ಸುಮಾರು 2 ಕಪ್ಪು ತುರಿದ ಜುಕಿನಿ, 2 ಕಪ್ಪಿಗೂ ಮೀರುವ ಸಕ್ಕರೆ, 1 ಕಪ್ಪು ಎಣ್ಣೆ, 3 ಮೊಟ್ಟೆ, ತಲಾ 1 ಚಮಚದಷ್ಟು ಸೋಡಾ ಮತ್ತು ಬೇಕಿಂಗ್ ಪೌಡರ್, ಧಾರಾಳವಾಗಿ ದಾಲ್ಚಿನ್ನಿ. ಓವನ್ನಿನ ಶಾಖ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಡಿಗ್ರಿ ಸೆಲ್ಸಿಯಸ್. ತರಕಾರಿಯಷ್ಟೇ ಸಕ್ಕರೆಯೂ ಇರುವ ಈ ಪಾಕದಲ್ಲಿ ಜುಕಿನಿ ಹಿಟ್ಟನ್ನೂ ಉಳಿಸುವುದಿಲ್ಲ, ಸಕ್ಕರೆಯನ್ನೂ ಉಳಿಸುವುದಿಲ್ಲ. ಸುಮಾರು ಶೇಕಡ 95ರಷ್ಟು ನೀರೇ ಆಗಿರುವ ಅದು ಬೇಯುವಾಗ ಮೆಲ್ಲನೆ ನೀರು ಬಿಟ್ಟು ಬ್ರೆಡ್ಡನ್ನು ಮೂರ್ನಾಲ್ಕು ದಿನ ಒಣಗದಂತೆ ಕಾಯುತ್ತದೆ, ತನ್ನದೇ ರುಚಿ ಸಪ್ಪೆಯಾದ್ದರಿಂದ ದಾಲ್ಚಿನ್ನಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತದೆ. ತಣ್ಣಗಾದರೆ ಗಟ್ಟಿಯಾಗುವ ಬೆಣ್ಣೆಯ ಬದಲು ಎಣ್ಣೆಯನ್ನು ಹಾಕುವುದೂ ಈ ಮೃದುತ್ವಕ್ಕಾಗಿಯೇ. ಕಲಸುವಾಗ ಹಿಟ್ಟು ತೊಯ್ದ ಕೂಡಲೇ ಕೈ ನಿಲ್ಲಿಸಬೇಕೆಂಬ ನಿಯಮ ಬಂದದ್ದು, ಹೆಚ್ಚು ಕಲಸಿದಷ್ಟೂ ಗೋಧಿಯ ಗ್ಲುಟನ್ ಎಂಬ ಅಂಟು ಬಲಿತು ಬ್ರೆಡ್ಡು ನಾರಾಗುವುದರಿಂದ.

ಅಮೆರಿಕದ ಕುಂಬಳ ಜಾತಿಗಳು ಹದಿನಾರನೆಯ ಶತಮಾನದಿಂದ ಈಚೆಗೆ ಭಾರತಕ್ಕೂ ಬಂದು ಕರ್ನಾಟಕದ ಸಿಹಿಗುಂಬಳವಾಗಿ ನೆಲೆನಿಂತವು. ಉತ್ತರ ಕರ್ನಾಟಕದಲ್ಲಿ ಬೇಯಿಸಿದ ಸಿಹಿಗುಂಬಳವನ್ನು ಬೆಲ್ಲ ಮತ್ತು ಗೋಧಿ ಹಿಟ್ಟಿನೊಡನೆ ನಾದಿ, ತಟ್ಟಿ, ಎಣ್ಣೆಯಲ್ಲಿ ಕರಿಯುವ ಗಾರಿಗೆ ಇದೇ ಸಾಮಗ್ರಿಗಳ ಇನ್ನೊಂದು ಪರಿಣತಿ. ಓವನ್ನಿರದ ಅಡುಗೆಮನೆಯಲ್ಲಿ ಬಾಣಲೆ ಆ ಕೆಲಸ ಮಾಡಿತು, ಬೇಯಿಸಿದ ಕುಂಬಳ ಹಿಟ್ಟಿಗೆ ಬೇಕಾದ ನೀರನ್ನೂ ಬೆಲ್ಲಕ್ಕೆ ಜೊತೆಯಾದ ಸಿಹಿಯನ್ನೂ ಕೊಟ್ಟಿತು. ಒಂದೇ ಕಾಯಿ ಎರಡು ಖಂಡಗಳಲ್ಲಿ ಎರಡು ತಿಂಡಿಗಳಾದದ್ದಕ್ಕೆ ಕಾರಣ ರುಚಿಯ ಭೇದಕ್ಕಿಂತ ಒಲೆಯ ಭೇದ.

ಇಂದು ಈ ಬ್ರೆಡ್ಡಿನ ಮನೆಪಾಕಗಳಲ್ಲಿ ಸಕ್ಕರೆಯನ್ನು ಅರ್ಧಕ್ಕೆ ಇಳಿಸುವುದು, ಮೈದಾದ ಬದಲು ಇಡೀ ಗೋಧಿಯ ಹಿಟ್ಟು ಬಳಸುವುದು, ತರಕಾರಿಯ ಪ್ರಮಾಣವನ್ನು ಹೆಚ್ಚಿಸುವುದು ಸಾಮಾನ್ಯವಾಗುತ್ತಿದೆ. 2020ರ ಮಹಾಮಾರಿಯ ದಿನಗಳಲ್ಲಿ ಅಂಗಡಿಗಳಲ್ಲಿ ಯೀಸ್ಟ್ ಮುಗಿದುಹೋದಾಗ ಮನೆಗೆ ಸೀಮಿತರಾದವರು ಸೋಡಾದ ಬ್ರೆಡ್ಡುಗಳ ಕಡೆಗೆ ತಿರುಗಿದ್ದು ಈ ಬಗೆಯ ಪಾಕಕ್ಕೆ ಹೊಸ ಪ್ರಚಾರ ಕೊಟ್ಟಿತು. ಆರೋಗ್ಯದ ಹೆಸರಿನಲ್ಲಿ ನಡೆಯುತ್ತಿರುವ ಈ ತಿದ್ದುಪಡಿ ಫಲಿತಾಂಶದಲ್ಲಿ ಯುದ್ಧಕಾಲದ ಬ್ರಿಟನ್ನಿನ ಪಾಕಕ್ಕೆ ಹತ್ತಿರ ಬಂದಿದೆ. ಅಂದು ಪಡಿತರ ಚೀಟಿ ಕಡಿಮೆ ಮಾಡಿಸಿದ ಸಕ್ಕರೆಯನ್ನು ಇಂದು ವೈದ್ಯರ ಸಲಹೆ ಕಡಿಮೆ ಮಾಡಿಸುತ್ತಿದೆ. ಅಭಾವದ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಹುಟ್ಟಿದ ಪಾಕಕ್ಕೆ ಸಮೃದ್ಧಿಯ ಕಾಲದ ಜನ ತಾವಾಗಿಯೇ ಹಿಂದಿರುಗುತ್ತಿರುವುದರಿಂದ, ತರಕಾರಿಯ ಸಿಹಿ ಬ್ರೆಡ್ಡಿನ ಚರಿತ್ರೆಯನ್ನು ಬರೆಯುವವರು ಅದರಲ್ಲಿ ಯಾವ ತರಕಾರಿ ಇದೆಯೆಂಬುದಕ್ಕಿಂತ, ಆಯಾ ಕಾಲದ ಮನೆಯಲ್ಲಿ ಹಿಟ್ಟು, ಸಕ್ಕರೆ, ಸಮಯ ಇವುಗಳಲ್ಲಿ ಯಾವುದು ತುಟ್ಟಿಯಾಗಿತ್ತೆಂಬುದನ್ನು ಮೊದಲು ಕೇಳಬೇಕಾಗುತ್ತದೆ.